ಬೈಯಪ್ಪನಹಳ್ಳಿಯ ಮೇಲಿನ ಕೆಂಪು ಮಚ್ಚೆ

ಅವರ ಮುಖದ ಮೇಲೆ ಯಾವಾಗಲೂ ಎರಡು ಕನ್ನಡಕಗಳಿರುತ್ತಿದ್ದವು. ಒಂದು ಮೂಗಿನ ಮೇಲೆ, ಇನ್ನೊಂದು ಹಣೆಯ ಮೇಲೆ. ಮೂಗಿನದು ಅಂಗಡಿಯ ಕೆಲಸಕ್ಕೆ, ಹಣೆಯದು ಆಕಾಶ ನೋಡಲು. ಗಿರಾಕಿಯ ಹತ್ತಿರ ಮಾತಾಡುತ್ತಿದ್ದವರು ಇದ್ದಕ್ಕಿದ್ದಂತೆ ಮೆಟ್ಟಿಲಿಗೆ ಬಂದು, ಒಂದನ್ನು ಮೇಲೆ ತಳ್ಳಿ ಇನ್ನೊಂದನ್ನು ಕೆಳಗೆಳೆದುಕೊಂಡು, ಶಿವಾಜಿನಗರದ ಆ ಗಲ್ಲಿಯಲ್ಲಿ ತಂತಿಗಳ ನಡುವೆ ಎಷ್ಟು ಆಕಾಶ ಕಾಣುತ್ತದೋ ಅಷ್ಟನ್ನೂ ನೋಡಿ ಒಳಗೆ ಹೋಗುತ್ತಿದ್ದರು. ಎಷ್ಟೋ ಸಲ ಕನ್ನಡಕ ಬದಲಿಸುವುದು ಮರೆತು, ಎದುರು ಕೂತ ಗಿರಾಕಿಯನ್ನು ಬಹಳ ದೂರದಲ್ಲಿರುವ ಹಕ್ಕಿಯನ್ನು ನೋಡಿದ ಹಾಗೆ ನೋಡುತ್ತಿದ್ದರು. ಕೈಗಳ ಹಿಂಬದಿಯ ತುಂಬ ಸಣ್ಣ ಸಣ್ಣ ಗೀರುಗಳು. ಗಾಜು ತಾಗಿ ಆದವು ಎಂದುಕೊಂಡಿದ್ದೆ. ಪಾರಿವಾಳದ ಉಗುರಿನವು ಎಂದು ಆಮೇಲೆ ತಿಳಿಯಿತು.

ನಾವೆಲ್ಲ ಅವರನ್ನು ಕನ್ನಡಕದ ಚಾಚಾ ಎನ್ನುತ್ತಿದ್ದೆವು. ಅವರ ಅಂಗಡಿಯ ಮೇಲಿನ ಕೋಣೆಯಲ್ಲಿ ನಮ್ಮ ಆಫೀಸು. ಆಫೀಸು ಎಂದರೆ ನಮ್ಮ ಯಜಮಾನರು, ನಾನು ಮತ್ತು ಎರಡು ಕಂಪ್ಯೂಟರು. ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್ ಬರೆದು ಕೊಡುತ್ತಿದ್ದೆವು. ಎರಡು ಸಾವಿರದ ಆರನೆಯ ಇಸವಿಯೋ ಏಳೋ ಇರಬೇಕು. ಅಪ್ಪ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು, ಕೆ.ಆರ್. ಪುರದ ಕಡೆ ಕ್ವಾರ್ಟರ್ಸ್ ಇತ್ತು. ನಾನು ದಿನಾ ಟಿನ್ ಫ್ಯಾಕ್ಟರಿಯಲ್ಲಿ ಬಸ್ ಹತ್ತಿ ಶಿವಾಜಿನಗರಕ್ಕೆ ಬರುತ್ತಿದ್ದೆ.

ಚಾಚಾ ಕಣ್ಣು ಪರೀಕ್ಷೆ ಮಾಡುವ ರೀತಿಯೇ ಬೇರೆ. ಗೋಡೆಯ ಮೇಲಿನ ಅಕ್ಷರಗಳನ್ನು ಓದಿಸಿದ ಮೇಲೂ ಅವರಿಗೆ ಸಮಾಧಾನವಿಲ್ಲ. ಗಿರಾಕಿಯನ್ನು ಬೀದಿಗೆ ಕರೆದುಕೊಂಡು ಹೋಗಿ ದೂರದಲ್ಲಿ ತಿರುಗುವ ಬಸ್ಸಿನ ನಂಬರು ಓದಿಸುತ್ತಿದ್ದರು. ಯಾವ ಪ್ರಶ್ನೆ ಕೇಳಿದರೂ ಅವರ ಮೊದಲ ಉತ್ತರ ಒಂದೇ: "ನೋಡೋಣ, ಸಂಜೆ ಆಗ್ಲಿ." ನಲ್ಲಿ ರಿಪೇರಿಯಾಗಲಿ, ಮಗಳ ಮದುವೆಯ ಮಾತಾಗಲಿ, ಸಂಜೆಯವರೆಗೆ ಕಾಯಬೇಕು. ಬೆಳಿಗ್ಗೆ ದೂರದಲ್ಲಿ ಬಿಟ್ಟ ಹಕ್ಕಿ ಬಂತೋ ಇಲ್ಲವೋ ಎನ್ನುವುದು ಸಂಜೆಗೆ ತಾನೇ ಗೊತ್ತಾಗುವುದು, ಆ ಅಭ್ಯಾಸ ಮಾತಿಗೂ ಬಂದಿತ್ತು.

ರೇಸ್ ಪಾರಿವಾಳ ಸಾಕುವವರ ಒಂದು ಸಣ್ಣ ಸಂಘಕ್ಕೆ ಅವರು ಕಾರ್ಯದರ್ಶಿ. ಶಿವಾಜಿನಗರ, ಹಲಸೂರು, ಬೈಯಪ್ಪನಹಳ್ಳಿ, ಕೆ.ಆರ್. ಪುರ, ಹೀಗೆ ಒಂದೇ ಸಾಲಿನಲ್ಲಿ ಸದಸ್ಯರ ಮನೆಗಳು. ಕೋಲಾರದ ಕಡೆ ಕೊಂಡೊಯ್ದು ಬಿಟ್ಟರೆ ಹಕ್ಕಿಗಳು ತಮ್ಮ ತಮ್ಮ ತಾರಸಿಗೆ ಮರಳುತ್ತಿದ್ದವು. ಆ ವರ್ಷ ಮಾತ್ರ ಎಷ್ಟೋ ಹಕ್ಕಿಗಳು ಮರಳಲಿಲ್ಲ. ಎಳೆಯವು ದಾರಿ ತಪ್ಪಿದರೆ ಸರಿ; ಹತ್ತಾರು ಸಲ ಹೋಗಿ ಬಂದ ಹಳೆಯ ಹಕ್ಕಿಗಳೂ ಬರಲಿಲ್ಲ. ಮೊಬೈಲ್ ಟವರಿನಿಂದ ಎಂದರು ಒಬ್ಬರು, ಹದ್ದು ಎಂದರು ಇನ್ನೊಬ್ಬರು, ಯಾರೋ ಬಲೆ ಹಾಕಿ ಹಿಡಿಯುತ್ತಿದ್ದಾರೆ ಎಂದರು ಹೆಚ್ಚಿನವರು.

ಚಾಚಾ ಒಂದು ಮಧ್ಯಾಹ್ನ ಮೇಲೆ ಬಂದು ನನ್ನ ಪಕ್ಕದ ಸ್ಟೂಲಿನ ಮೇಲೆ ಕೂತರು. ಕಂಪ್ಯೂಟರಿನಲ್ಲಿ ಊರಿನ ಮ್ಯಾಪು ಬರುತ್ತದಂತೆ, ಅದರ ಮೇಲೆ ಬೆರಳಿಟ್ಟರೆ ವಿವರ ಹೇಳುತ್ತದಂತೆ, ನಿಜವೇ ಎಂದು ಕೇಳಿದರು. ನಿಜ ಎಂದೆ.

"ಹಂಗಾದ್ರೆ ನಂಗೆ ಇಷ್ಟೇ ಬೇಕು ಬೇಟಾ. ಹಕ್ಕಿ ಎಲ್ಲಿ ಹೋಗ್ತಾ ಇದಾವೆ, ಅದು ಕಾಣ್ಬೇಕು."

ಯಜಮಾನರು ಒಪ್ಪಿದರು. ಪಾರಿವಾಳಕ್ಕೆ ಆದರೆ ನಾಳೆ ಕೊರಿಯರ್ ಕಂಪನಿಗಳಿಗೂ ಆಗುತ್ತದೆ, ಆದ್ದರಿಂದ ಮ್ಯಾಪು ಬರೆಯುವ ಒಳ್ಳೆಯ ಸಾಫ್ಟ್‌ವೇರ್ ಸಾಧನ ನೀನೇ ಹುಡುಕಿ ಆರಿಸು ಎಂದರು. ಯಾರಾದರೂ ನನಗೆ 'ನೀನೇ ಆರಿಸು' ಎಂದದ್ದು ಅದೇ ಮೊದಲು. ಆ ಮಾತಿನಿಂದ ಆದ ಸಂತೋಷ ಒಂದೇ ದಿನದಲ್ಲಿ ಇಳಿಯಿತು. ಇಂಟರ್ನೆಟ್‌ನಲ್ಲಿ ನೋಡಿದಷ್ಟೂ ಸಾಧನಗಳು. ಮ್ಯಾಪಿಗೆ ಬೇರೆ, ಚಾರ್ಟಿಗೆ ಬೇರೆ, ಎರಡಕ್ಕೂ ಸೇರಿ ಬೇರೆ. ಒಂದು ಪುಟ ಇದೇ ಶ್ರೇಷ್ಠ ಎಂದರೆ ಮುಂದಿನ ಪುಟ ಅದನ್ನು ಮುಟ್ಟಲೇಬೇಡಿ ಎನ್ನುತ್ತಿತ್ತು. ಕೊನೆಗೆ ಮ್ಯಾಪಿಗೆ ಮೂರು, ಚಾರ್ಟಿಗೆ ಎರಡು ಇಳಿಸಿಕೊಂಡೆ.

ಅಷ್ಟರಲ್ಲಿ ಚಾಚಾ ದಿನಕ್ಕೊಂದಿಷ್ಟು ಹೊತ್ತು ಕೂತು ಕಳೆದುಹೋದ ಹಕ್ಕಿಗಳ ವಿವರ ಬಾಯಲ್ಲೇ ಹೇಳಿದರು, ನಾನು ಟೈಪ್ ಮಾಡಿದೆ. ಯಾರ ಹಕ್ಕಿ, ಯಾವ ಬಣ್ಣ, ಕಾಲಿನ ಉಂಗುರದ ಗುರುತು, ಕೊನೆಗೆ ಎಲ್ಲಿ ಕಂಡಿತು. ಕೆಲವಕ್ಕೆ ಉತ್ತರವಿತ್ತು: ಹಲಸೂರು ಕೆರೆಯ ಹತ್ತಿರ ತಂತಿಗೆ ಸಿಕ್ಕಿ ಸತ್ತಿತ್ತು, ರಿಚರ್ಡ್ಸ್ ಟೌನಿನ ಯಾರದೋ ಬಾಲ್ಕನಿಯಲ್ಲಿ ಕೂತಿತ್ತು. ಹೆಚ್ಚಿನವಕ್ಕೆ "ಗೊತ್ತಿಲ್ಲ ಬೇಟಾ" ಎನ್ನುತ್ತಿದ್ದರು. ಗೊತ್ತಿಲ್ಲ ಎಂದಾಗ ಆ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿಗೆ ಹೋಗುತ್ತಿದ್ದೆ.

ಮೊದಲನೆಯದು ಪುಕ್ಕಟೆ ಸಿಗುತ್ತಿದ್ದ ಪ್ರೋಗ್ರಾಂ. ಅದರಲ್ಲಿ ರಸ್ತೆ, ಕೆರೆ, ರೈಲು ಹಳಿ ಎಲ್ಲವನ್ನೂ ನಾನೇ ಗೆರೆ ಎಳೆದು ಕೂರಿಸಬೇಕಾಯಿತು. ಇಷ್ಟು ಮಾಡಿದ ಮೇಲೆ ಅದು ಜಾಗ ಗೊತ್ತಿದ್ದ ಹಕ್ಕಿಗಳನ್ನಷ್ಟೇ ಚುಕ್ಕೆ ಮಾಡಿ ತೋರಿಸಿತು. ಮ್ಯಾಪು ಹೆಚ್ಚು ಕಡಿಮೆ ಖಾಲಿ. ಚಾಚಾ ಪರದೆಯ ಹತ್ತಿರ ಬಾಗಿ, "ಇಷ್ಟೇನಾ" ಎಂದರು.

ಎರಡನೆಯದು ಆಗಷ್ಟೇ ಬಂದಿದ್ದ, ಮೇಲಿನಿಂದ ತೆಗೆದ ಚಿತ್ರಗಳ ಮ್ಯಾಪು. ಅದನ್ನು ತೋರಿಸಿದ ದಿನ ಅವರು ಗಿರಾಕಿಗಳನ್ನೇ ಮರೆತರು. ಎರಡು ಕನ್ನಡಕವನ್ನೂ ಬದಲಿಸಿ ಬದಲಿಸಿ ತಮ್ಮ ತಾರಸಿಯನ್ನು ಹುಡುಕಿದರು. ಸಿಕ್ಕಿತು, ಆದರೆ ಪಾರಿವಾಳದ ಗೂಡು ಇರಲಿಲ್ಲ. ಚಿತ್ರ ಹಳೆಯದಿರಬೇಕು ಎಂದೆ. ಗೂಡು ಕಟ್ಟಿ ಎಷ್ಟೋ ವರ್ಷವಾಯಿತಲ್ಲ ಎಂದು ಅವರು ಗೊಂದಲಕ್ಕೆ ಬಿದ್ದರು. ಈ ಮ್ಯಾಪು ಹಕ್ಕಿ ಬಿಟ್ಟ ಜಾಗದಿಂದ ಮನೆಗೆ ಒಂದು ನೆಟ್ಟಗಿನ ನೀಲಿ ಗೆರೆಯನ್ನೂ ಎಳೆದು ಕೊಡುತ್ತಿತ್ತು. ಅದು ಅವರಿಗೆ ಸರಿಬರಲಿಲ್ಲ.

"ಹೊರಟಿದ್ದು ಗೊತ್ತು, ಬಂದಿದ್ದು ಗೊತ್ತು. ಮಧ್ಯ ಹೆಂಗ್ ಬಂತು ಅಂತ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಇದಕ್ಕೆ ಹೆಂಗಮ್ಮ ಗೊತ್ತಾಯ್ತು?"

ಚಾರ್ಟುಗಳ ಪಾಡು ಇನ್ನೊಂದು. ತಿಂಗಳಿಗೆ ಎಷ್ಟು ಹಕ್ಕಿ ಹೋದವು ಎನ್ನುವ ಒಂದೇ ಲೆಕ್ಕವನ್ನು ಚಾರ್ಟಿನ ಎರಡು ಸಾಧನಕ್ಕೂ ಕೊಟ್ಟೆ. ಒಂದರಲ್ಲಿ ಕಂಬಗಳೆಲ್ಲ ಸರಿಸುಮಾರು ಒಂದೇ ಎತ್ತರ. ಇನ್ನೊಂದು ಕಂಬಗಳ ಬುಡವನ್ನು ಕತ್ತರಿಸಿ ತುದಿಯನ್ನಷ್ಟೇ ತೋರಿಸುತ್ತಿತ್ತು, ಹಾಗಾಗಿ ಬೇಸಿಗೆಯ ತಿಂಗಳು ಬೆಟ್ಟದ ಹಾಗೆ ಎದ್ದು ನಿಂತಿತ್ತು. ಇವೆರಡರಲ್ಲಿ ಯಾವುದು ಸುಳ್ಳು ಎಂದು ಚಾಚಾ ಕೇಳಿದರು. ಎರಡೂ ಸುಳ್ಳಲ್ಲ ಎಂದೆ. ಎರಡೂ ನಿಜವಾದರೆ ಸಂಘದವರಿಗೆ ತಾನು ಏನು ಹೇಳಬೇಕು ಎಂದರು. ಆ ದಿನಗಳಲ್ಲಿ ಬಸ್ಸಿನಲ್ಲಿ ನಿಂತು ಮನೆಗೆ ಹೋಗುವಾಗಲೂ ಅದೇ ಯೋಚನೆ. ಒಂದು ಸಲ ಟಿನ್ ಫ್ಯಾಕ್ಟರಿಯಲ್ಲಿ ಇಳಿಯುವುದನ್ನೇ ಮರೆತು ಮುಂದೆ ಹೋಗಿಬಿಟ್ಟಿದ್ದೆ.

ಮೂರನೆಯದು ದುಬಾರಿ ಪ್ಯಾಕೇಜು, ಸ್ವಲ್ಪ ದಿನ ಪುಕ್ಕಟೆ ಬಳಸಲು ಬಿಡುತ್ತಿದ್ದರು. ಅದು ಚುಕ್ಕೆಗಳ ಬದಲು ಬಣ್ಣ ಬಳಿಯುತ್ತಿತ್ತು. ಕಡಿಮೆ ಇದ್ದ ಕಡೆ ಹಳದಿ, ಹೆಚ್ಚಾದ ಕಡೆ ಕೆಂಪು. ಸದಸ್ಯರ ಮನೆಗಳೆಲ್ಲ ಒಟ್ಟಿಗೆ ಕಾಣಲೆಂದು ಎಡ ಅಂಚಿಗೆ ಶಿವಾಜಿನಗರ, ಬಲ ಅಂಚಿಗೆ ಕೆ.ಆರ್. ಪುರ ಬರುವ ಹಾಗೆ ಹೊಂದಿಸಿದೆ. ಒಂದು ಗುಂಡಿ ಒತ್ತಿದ್ದೇ ತಡ, ನಟ್ಟನಡುವೆ, ಬೈಯಪ್ಪನಹಳ್ಳಿಯ ಮೇಲೆ, ದೊಡ್ಡದೊಂದು ಕೆಂಪು ಮಚ್ಚೆ ಅರಳಿತು.

ಅಲ್ಲೇ ಯಾಕೆ ಎಂದು ಚಾಚಾ ಕೇಳಿದರು. ನನಗೂ ಗೊತ್ತಾಗಲಿಲ್ಲ, ಕಂಪ್ಯೂಟರ್ ಲೆಕ್ಕ ಹಾಕಿ ತೋರಿಸುತ್ತಿದೆ ಎಂದೆ. ಮೂರರಲ್ಲಿ ನೀನಾದರೆ ಯಾವುದು ತೆಗೆದುಕೊಳ್ಳುತ್ತೀಯ ಎಂದರು. ತಿಳಿಯುತ್ತಿಲ್ಲ ಎಂದೆ. ಅವರು ಪರದೆಯ ಕಡೆ ಕೈ ತೋರಿಸಿ, "ಇದೇ ಇರ್ಲಿ ಬೇಟಾ. ಇದು ಏನೋ ಒಂದು ಹೇಳ್ತಾ ಇದೆ. ಮಿಕ್ಕಿದ್ದು ಬಾಯೇ ಬಿಡಲ್ಲ" ಎಂದರು. ಸಂಜೆವರೆಗೆ ಕಾಯದೆ ಅವರು ತೀರ್ಮಾನ ಮಾಡಿದ್ದು ನಾನು ಕಂಡಂತೆ ಅದೊಂದೇ ಸಲ.

ಭಾನುವಾರ ಬೆಳಿಗ್ಗೆ ಅಂಗಡಿಯಲ್ಲೇ ಸಂಘದ ಸಭೆ. ಕಂಪ್ಯೂಟರನ್ನು ಕೆಳಗೆ ತಂದು ಗಾಜಿನ ಕೌಂಟರಿನ ಮೇಲೆ ಇಟ್ಟಿದ್ದೆವು. ಮಚ್ಚೆ ಕಂಡ ಕೂಡಲೇ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಬೈಯಪ್ಪನಹಳ್ಳಿಯಲ್ಲಿ ಸಂಘದ ಸದಸ್ಯ ಇದ್ದದ್ದು ಒಬ್ಬನೇ. ಸಿಂಧನೂರಿನ ಕಡೆಯವನು, ಕಟ್ಟಡಗಳಿಗೆ ಸೆಂಟ್ರಿಂಗ್ ಹಲಗೆ ಹೊಡೆಯುವ ಕೆಲಸ. ಹೆಂಡತಿಯೊಂದಿಗೆ ಬಾಡಿಗೆ ಕೋಣೆಯಲ್ಲಿದ್ದುಕೊಂಡು, ಮನೆ ಮಾಲೀಕರ ಒಪ್ಪಿಗೆಯಿಂದ ತಾರಸಿಯಲ್ಲಿ ಒಂದು ಗೂಡು ಇಟ್ಟುಕೊಂಡಿದ್ದ. ಸಂಘಕ್ಕೆ ಹೊಸಬ. ಆವತ್ತು ಕೆಲಸವಿತ್ತೆಂದು ಸಭೆಗೂ ಬಂದಿರಲಿಲ್ಲ. ಯಾರೂ ಅವನ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ. ದುಡುಕಬೇಡಿ, ಮೊದಲು ನಾನು ಮಾತಾಡಿ ನೋಡುತ್ತೇನೆ ಎಂದು ಚಾಚಾ ಹೇಳುತ್ತಲೇ ಇದ್ದರು, ಜನ ಚಪ್ಪಲಿ ಹಾಕಿಕೊಂಡು ಹೊರಟಾಗಿತ್ತು.

ಮರುದಿನ ಅವನೇ ಅಂಗಡಿಗೆ ಬಂದ. ಎರಡು ಕೈಯಲ್ಲೂ ಬಿದಿರಿನ ಬುಟ್ಟಿ, ಮೇಲೆ ಗೋಣಿ ಕಟ್ಟಿದ್ದ. ಒಳಗೆ ಹಕ್ಕಿಗಳ ಗುಟುರು. ಚಾಚಾ ಕೂರು ಎಂದರೂ ಕೂರಲಿಲ್ಲ. ಹಿಂದಿನ ಸಂಜೆ ಸಂಘದ ಇಬ್ಬರು ಅವನ ಮನೆ ಮಾಲೀಕರಿಗೆ ಕಳ್ಳಮಾಲಿನ ಹಕ್ಕಿ ಇಟ್ಟಿದ್ದಾನೆಂದು ಹೇಳಿಹೋದರಂತೆ. ಮಾಲೀಕರು ಗೂಡು ತೆಗೆ, ಇಲ್ಲವಾದರೆ ಮನೆಯನ್ನೇ ಬಿಡು ಎಂದರಂತೆ. ಇಷ್ಟನ್ನು ತಲೆ ತಗ್ಗಿಸಿಯೇ ಹೇಳಿದ. ಆಮೇಲೆ ಗೋಣಿ ಬಿಚ್ಚಿದ.

"ಕಾಲಾನ ಉಂಗುರ ನೋಡ್ರಿ ಚಾಚಾ. ಒಂದರೆ ನಿಮ್ಮ ಮಂದೀದು ಇದ್ರ ಇಲ್ಲೇ ಇಟ್ಕೋರಿ, ನನ್ನೂ ಪೊಲೀಸರಿಗೆ ಕೊಡ್ರಿ."

ಚಾಚಾ ನೋಡಲು ಒಪ್ಪಲಿಲ್ಲ. ಅವನು ಬಿಡಲಿಲ್ಲ. ಕೊನೆಗೆ ಒಂದೊಂದನ್ನೇ ಕೈಗೆತ್ತಿಕೊಂಡು ನೋಡಿದರು. ಎಲ್ಲವೂ ಅವನವೇ. ಹಕ್ಕಿಗಳನ್ನು ಬುಟ್ಟಿಗೆ ಸೇರಿಸಿದ ಮೇಲೆ ಅವನು ಆ ಮ್ಯಾಪು ಎಲ್ಲಿದೆ, ತೋರಿಸಿ ಎಂದ. ಕಂಪ್ಯೂಟರ್ ಇನ್ನೂ ಕೌಂಟರಿನ ಮೇಲೆಯೇ ಇತ್ತು. ಹಚ್ಚಿದೆ. ಬಗ್ಗಿ ನೋಡಿ, ಇದರಲ್ಲಿ ನಮ್ಮ ಮನೆ ಎಲ್ಲಿ ಎಂದು ಕೇಳಿದ. ಮಚ್ಚೆ ಅಡ್ಡ ಬಂದು ರೈಲು ಹಳಿಯೂ ಕಾಣುತ್ತಿರಲಿಲ್ಲ. ಅವನ ಬೀದಿ ಸ್ವಲ್ಪ ಪಕ್ಕಕ್ಕೆ ಬಂದರೆ ಕಂಡೀತು ಎಂದು ಮೌಸಿನಿಂದ ಮ್ಯಾಪನ್ನು ಎಡಕ್ಕೆ ಎಳೆದೆ.

ಬೈಯಪ್ಪನಹಳ್ಳಿ ಎಡಕ್ಕೆ ಸರಿಯಿತು. ಮಚ್ಚೆ ಸರಿಯಲಿಲ್ಲ. ಅದು ಪರದೆಯ ನಡುವೆಯೇ ಕೂತಿತ್ತು, ಈಗ ಟಿನ್ ಫ್ಯಾಕ್ಟರಿಯ ಮೇಲೆ. ಏನೋ ತಪ್ಪಿರಬೇಕೆಂದು ಇನ್ನಷ್ಟು ಎಳೆದೆ, ಮಚ್ಚೆ ಕೆ.ಆರ್. ಪುರದ ಮೇಲೆ, ನಮ್ಮ ಕ್ವಾರ್ಟರ್ಸಿನ ಆಸುಪಾಸಿಗೇ ಬಂತು.

"ಈ ಕಡೆ ಎಳಿ," ಎಂದರು ಚಾಚಾ.

ಬಲಕ್ಕೆ ಎಳೆದೆ. ಹಲಸೂರು ಬಂತು, ಅದರ ಮೇಲೆ ಮಚ್ಚೆ. ಶಿವಾಜಿನಗರ ಬಂತು, ಅದರ ಮೇಲೂ ಮಚ್ಚೆ. ನಮ್ಮ ಗಲ್ಲಿಯ ಮೇಲೆ ಬಂದಾಗ ಚಾಚಾ ನನ್ನ ಕೈ ಹಿಡಿದು ನಿಲ್ಲಿಸಿದರು.

"ಈಗ ಕಳ್ಳ ನಾನು," ಎಂದರು.

ಅರ್ಥವಾಗಲು ನನಗೆ ಅಷ್ಟು ಹೊತ್ತು ಬೇಕಾಯಿತು. ಜಾಗ ಗೊತ್ತಿಲ್ಲವೆಂದು ನಾನು ಖಾಲಿ ಬಿಟ್ಟಿದ್ದ ಹಕ್ಕಿಗಳನ್ನೆಲ್ಲ ಆ ಪ್ಯಾಕೇಜು ಪರದೆಯ ನಟ್ಟನಡುವೆ ರಾಶಿ ಹಾಕುತ್ತಿತ್ತು. ಗೊತ್ತಿಲ್ಲ ಎಂದು ಹೇಳುವುದು ಅದಕ್ಕೆ ಬರುತ್ತಿರಲಿಲ್ಲ. ಇದನ್ನು ಬಿಡಿಸಿ ಹೇಳಿದೆ. ಸೆಂಟ್ರಿಂಗ್ ಕೆಲಸದವನು ಕೇಳಿಸಿಕೊಂಡು, "ಹಂಗಾರ ಯಾರೂ ಕದ್ದಿಲ್ಲೇನ್ರಿ?" ಎಂದ. ಅದೂ ಗೊತ್ತಿಲ್ಲ ಎನ್ನಬೇಕಾಯಿತು.

ಚಾಚಾ ಎದ್ದು, ಗಾಜು ಹಾಕಿಸಲು ಕಾಯುತ್ತಿದ್ದ ಗಿರಾಕಿಯೊಬ್ಬರ ಕ್ಷಮೆ ಕೇಳಿ, ಶಟರ್ ಎಳೆದರು. ನಾವು ಮೂವರೂ ಬುಟ್ಟಿಗಳನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಬೈಯಪ್ಪನಹಳ್ಳಿಗೆ ಹೋದೆವು. ಮನೆ ಮಾಲೀಕರು ಮರ್ಯಾದಸ್ಥರೇ. ಕುರ್ಚಿ ಹಾಕಿದರು, ನೀರು ಕೊಟ್ಟರು. ಚಾಚಾ ಎಲ್ಲವನ್ನೂ ಹೇಳಿದರು: ಕಂಪ್ಯೂಟರಿನ ಚಿತ್ರ ತಪ್ಪು, ಅದನ್ನು ಆರಿಸಿದ್ದು ತಾನು, ಈ ಹುಡುಗನದು ಏನೂ ಇಲ್ಲ. ಮಾಲೀಕರು ತಲೆಯಾಡಿಸಿದರು. ಆದರೂ ತಾರಸಿ ಗಲೀಜಾಗುತ್ತದೆ, ನೀರಿನ ಟ್ಯಾಂಕಿನ ಪಕ್ಕ ಹಿಕ್ಕೆ ಬೀಳುತ್ತದೆ, ಮೊದಲಿಂದಲೂ ನಮ್ಮ ಮನೆಯವರು ಬೇಡ ಎನ್ನುತ್ತಿದ್ದರು, ಈಗ ತೆಗೆದದ್ದಾಯಿತು ಬಿಡಿ ಎಂದರು. ಅವರು ಹೇಳಿದ ಕಾರಣಗಳಲ್ಲಿ ಯಾವುದೂ ಸುಳ್ಳಿರಲಿಲ್ಲ. ನಿನ್ನೆಯವರೆಗೆ ಅವು ಯಾಕೆ ಅಡ್ಡ ಬಂದಿರಲಿಲ್ಲ ಎನ್ನುವುದನ್ನು ಮಾತ್ರ ಕೇಳುವ ಹಾಗಿರಲಿಲ್ಲ.

ಚಾಚಾ ಅವನ ಹಕ್ಕಿಗಳನ್ನು ತಮ್ಮ ತಾರಸಿಯಲ್ಲೇ ಇಟ್ಟುಕೊಂಡರು. ಆದರೆ ರೇಸ್ ಪಾರಿವಾಳ ಒಂದು ಸಲ ಮನೆ ಎಂದುಕೊಂಡ ಜಾಗವನ್ನು ಬಿಡುವುದಿಲ್ಲ. ವಾರಗಟ್ಟಲೆ ಕೂಡಿಹಾಕಿ, ಕಾಳು ಹಾಕಿ, ಪಳಗಿದವೆಂದು ಬಾಗಿಲು ತೆಗೆದರೆ ಒಂದು ಸುತ್ತು ಹಾಕಿ ಪೂರ್ವಕ್ಕೆ ಹೊರಟುಬಿಡುತ್ತಿದ್ದವು. ಅವನು ಕೆಲಸ ಮುಗಿಸಿ ಬಂದಾಗ ಅವು ಗೂಡಿಲ್ಲದ ತಾರಸಿಯ ಗೋಡೆಯ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಮಾಲೀಕರು ನೋಡುವ ಮೊದಲು ಹಿಡಿದು ಬುಟ್ಟಿಗೆ ಹಾಕಿಕೊಂಡು, ಕಂಡಕ್ಟರ್ ಹತ್ತಿರ ಬೈಸಿಕೊಳ್ಳುತ್ತ, ಬಸ್ಸಿನಲ್ಲಿ ಶಿವಾಜಿನಗರಕ್ಕೆ ತರುತ್ತಿದ್ದ. ಚಾಚಾ ಚಹಾ ತರಿಸಿಟ್ಟು ಕಾಯುತ್ತಿದ್ದರು. ಇದು ಎಷ್ಟು ದಿನ ನಡೆದೀತು ಎಂದು ನಾನು ಒಮ್ಮೆ ಕೇಳಿದೆ. "ಹಕ್ಕಿಗೆ ಮ್ಯಾಪ್ ತೋರ್ಸೋಕಾಗುತ್ತಾ ಬೇಟಾ," ಎಂದರು. ತಮಾಷೆಗೆ ಹೇಳಿದರೋ ನಿಜವಾಗಿ ಕೇಳಿದರೋ ನನಗೆ ತಿಳಿಯಲಿಲ್ಲ.

ಮುಂದಿನ ಸಭೆಯಲ್ಲಿ ಅವರು ಎದ್ದು ನಿಂತು, ಮ್ಯಾಪು ಆರಿಸಿದ್ದು ತಾನು, ನೋಡಲು ಚೆನ್ನಾಗಿದೆ ಎಂದು ಆರಿಸಿದೆ, ಅದರಿಂದ ಒಬ್ಬನಿಗೆ ಅನ್ಯಾಯವಾಯಿತು ಎಂದು ಹೇಳಿ ಕಾರ್ಯದರ್ಶಿಯ ಕೆಲಸ ಬಿಟ್ಟರು. ನಾನು ಮ್ಯಾಪನ್ನು ಎಲ್ಲರೆದುರು ಅತ್ತಿಂದಿತ್ತ ಎಳೆದು ತೋರಿಸಿದೆ. ಜನ ನಕ್ಕರು, ಒಪ್ಪಿದರು. ಮೆಟ್ಟಿಲಿಳಿಯುವಾಗ ಒಬ್ಬರು ಇನ್ನೊಬ್ಬರಿಗೆ, ಏನೇ ಆಗಲಿ ಮೊದಲ ಸಲ ಅದು ಬೈಯಪ್ಪನಹಳ್ಳಿಯನ್ನೇ ಯಾಕೆ ತೋರಿಸಬೇಕಿತ್ತು ಎಂದದ್ದು ನನ್ನ ಕಿವಿಗೆ ಬಿತ್ತು. ಚಾಚಾನ ಕಿವಿಗೂ ಬಿದ್ದಿರಬೇಕು. ಹಣೆಯ ಕನ್ನಡಕವನ್ನು ಕೆಳಗೆಳೆದುಕೊಂಡು ಅವರ ಬೆನ್ನನ್ನೇ ನೋಡುತ್ತ ನಿಂತಿದ್ದರು.

ಒಂದು ರಜೆಯ ದಿನ ಅವರು ಹೇಳದೆ ಕೇಳದೆ ನಮ್ಮ ಕ್ವಾರ್ಟರ್ಸಿಗೆ ಬಂದರು, ಎರಡು ಬಸ್ ಬದಲಿಸಿ. ಅಪ್ಪನಿಗೆ ಅವರ ಪರಿಚಯವಿರಲಿಲ್ಲ. ಅಮ್ಮ ಕೊಟ್ಟ ಕಾಫಿಯನ್ನು ಕೈಯಲ್ಲೇ ಹಿಡಿದು ಕೂತು, ಈ ಕಡೆ ತಾರಸಿ ಇರುವ ಒಂದು ಕೋಣೆ ಬೇಕಿತ್ತು, ಪಾರಿವಾಳ ಇಟ್ಟುಕೊಳ್ಳಲು ಬಿಡುವ ಮಾಲೀಕರು ಬೇಕಿತ್ತು, ಹುಡುಗ ನಂಬಿಕಸ್ಥ ಎಂದರು. ಪಾರಿವಾಳ ಎಂದ ಕೂಡಲೇ ಅಪ್ಪ ಹಿಂದೆ ಸರಿದರು. ನಿಮಗೆ ಅವನು ಏನಾಗಬೇಕು ಎಂದು ಕೇಳಿದರು.

"ಏನೂ ಆಗ್ಬೇಕಿಲ್ಲ ಸಾರ್. ನನ್ನಿಂದ ಅವನ ಹಕ್ಕಿಗಳ ಮನೆ ಹೋಯ್ತು."

ನಾನು ಒಳಬಾಗಿಲಿನ ಹತ್ತಿರ ನಿಂತಿದ್ದೆ. ಅವರು ನನ್ನ ಕಡೆ ತಿರುಗಲೂ ಇಲ್ಲ, ನಮ್ಮ ಆಫೀಸಿನ ಹೆಸರನ್ನೂ ಎತ್ತಲಿಲ್ಲ. ಮ್ಯಾಪು ಕಟ್ಟಿದವಳು ನಾನೇ ಎಂದು ಅಪ್ಪನಿಗೆ ಗೊತ್ತಾದದ್ದು ಅವರು ಹೋದ ಮೇಲೆ, ನಾನೇ ಹೇಳಿದಾಗ. ಅಪ್ಪ ಅದೇ ವಾರ ತಮ್ಮ ಜೊತೆ ಕೆಲಸ ಮಾಡುವವರೊಬ್ಬರನ್ನು ಹಿಡಿದು, ಒಂದು ವೆಲ್ಡಿಂಗ್ ಶೆಡ್ಡಿನ ಹಿಂದೆ ತಾರಸಿಯಿದ್ದ ಕೋಣೆ ಗೊತ್ತು ಮಾಡಿದರು. ಸೆಂಟ್ರಿಂಗ್ ಕೆಲಸದವನು ಹೆಂಡತಿಯೊಂದಿಗೆ ಅಲ್ಲಿಗೆ ಬಂದ. ಅಲ್ಲೇ ಹುಟ್ಟಿದ ಮರಿಗಳಿಗೆ ಅದೇ ಮನೆಯಾಗುತ್ತದೆಂದು ಒಂದು ಜೋಡಿ ಹಕ್ಕಿಯನ್ನು ಮಾತ್ರ ಮರಿ ಮಾಡಿಸಲು ಇಟ್ಟುಕೊಂಡು, ಉಳಿದವನ್ನು ಅವು ಎಲ್ಲಿಗೆ ಹೋಗುತ್ತವೋ ಹೋಗಲಿ ಎಂದು ಬಿಟ್ಟುಬಿಟ್ಟ.

ಮ್ಯಾಪಿನ ಕತೆ ಅಲ್ಲಿಗೆ ಮುಗಿದಿರಲಿಲ್ಲ. ಚಾಚಾ ಮತ್ತೆ ಮೇಲೆ ಬಂದು, ಆ ಮೊದಲನೆಯದು, ಬಾಯೇ ಬಿಡದ್ದು, ಅದನ್ನೇ ಮಾಡಿಕೊಡು ಎಂದರು. ಮಾಡಿದೆ. ಕೆಲವೇ ಚುಕ್ಕೆಗಳು, ನಾನು ಕೈಯಾರೆ ಎಳೆದ ಸೊಟ್ಟ ರಸ್ತೆಗಳು. ಕೆಳಗೆ ಒಂದು ಸಾಲು ಸೇರಿಸಿದೆ: 'ಮಿಕ್ಕವು ಎಲ್ಲಿಗೆ ಹೋದವೋ ಗೊತ್ತಿಲ್ಲ.' ಅವರು ಅದನ್ನು ಎರಡು ಸಲ ಓದಿಸಿ ಕೇಳಿದರು. ಯಜಮಾನರಿಗೆ ಮಾತ್ರ ಅದು ಹಿಡಿಸಲಿಲ್ಲ. ಗೊತ್ತಿಲ್ಲ ಎಂದು ಬರೆದಿರುವ ಸಾಫ್ಟ್‌ವೇರನ್ನು ಯಾವ ಕೊರಿಯರ್ ಕಂಪನಿ ಕೊಳ್ಳುತ್ತದೆ ಎಂದರು. ಅದೂ ಸರಿಯೇ. ಯಾರೂ ಕೊಳ್ಳಲಿಲ್ಲ.

ಆಮೇಲೆ ನಾನು ಇಂದಿರಾನಗರದ ದೊಡ್ಡ ಆಫೀಸೊಂದಕ್ಕೆ ಸೇರಿದೆ. ಮ್ಯಾಪು, ಚಾರ್ಟು ಮಾಡುವುದೇ ಅಲ್ಲಿ ಕೆಲಸ. ಶಿವಾಜಿನಗರದ ಕಡೆ ಹೋಗುವುದು ಕಡಿಮೆಯಾಯಿತು. ಚಾಚಾ ತೀರಿಕೊಂಡ ಸುದ್ದಿ ತಂದವನು ಸೆಂಟ್ರಿಂಗ್ ಕೆಲಸದವನೇ. ಒಂದು ಬೆಳಿಗ್ಗೆ ನಮ್ಮ ಕ್ವಾರ್ಟರ್ಸಿನ ಗೇಟಿನ ಹತ್ತಿರ ನಿಂತಿದ್ದ, ಮಣ್ಣು ಮಾಡಿ ಎರಡು ದಿನವಾಗಿತ್ತು. ಅಂಗಡಿಯಲ್ಲಿ ಕೂತಿದ್ದ ಹಾಗೆಯೇ ಎದೆನೋವು ಬಂತಂತೆ. ಹೆಗಲು ಕೊಟ್ಟವರಲ್ಲಿ ತಾನೂ ಒಬ್ಬ ಎಂದ. ನಿನಗೆ ಅವರ ಮೇಲೆ ಬೇಸರ ಇರಲಿಲ್ಲವೇ ಎಂದು ನಾನು ಕೇಳಿಬಿಟ್ಟೆ. ಕೇಳಬಾರದಿತ್ತೇನೋ. ಅವನು, "ಇತ್ರಿ. ಅವರಿಗೂ ಗೊತ್ತಿತ್ತು. ಅದಕ್ಕ ದಿನಾ ಚಹಾ ಕುಡಸ್ತಿದ್ರು," ಎಂದ. ಆಮೇಲೆ ಕೆಲಸಕ್ಕೆ ಹೊತ್ತಾಯಿತೆಂದು ಹೊರಟ.

ಆ ವರ್ಷ ಮರಳದ ಹಕ್ಕಿಗಳು ಎಲ್ಲಿಗೆ ಹೋದವು ಎನ್ನುವುದು ಯಾರಿಗೂ ತಿಳಿಯಲಿಲ್ಲ. ಚಾಚಾಗೂ ತಿಳಿಯಲಿಲ್ಲ.

ಈಗ ಆಫೀಸಿನಲ್ಲಿ ಚಿಕ್ಕವರು ಬಂದು, ಇಷ್ಟೊಂದು ಸಾಧನಗಳಿವೆ, ಯಾವುದು ಆರಿಸೋಣ ಎಂದು ನನ್ನನ್ನು ಕೇಳುತ್ತಾರೆ. ನನಗೆ ಇವತ್ತಿಗೂ ಥಟ್ಟನೆ ಹೇಳಲು ಬರುವುದಿಲ್ಲ. ಒಂದಿಷ್ಟು ಹೊತ್ತು ಬಿಡಿ ಎಂದು ಎಲ್ಲವನ್ನೂ ತರಿಸಿಕೊಳ್ಳುತ್ತೇನೆ. ಲೆಕ್ಕದಲ್ಲಿ ಕೆಲವು ಜಾಗಗಳನ್ನು ಬೇಕೆಂದೇ ಖಾಲಿ ಬಿಟ್ಟು ಒಂದೊಂದಕ್ಕೂ ಕೊಟ್ಟು ನೋಡುತ್ತೇನೆ. ಒಂದು ಅವನ್ನು ಸದ್ದಿಲ್ಲದೆ ನುಂಗುತ್ತದೆ. ಇನ್ನೊಂದು ಖಾಲಿಯನ್ನು ಸೊನ್ನೆ ಎಂದುಕೊಂಡು, ಅಕ್ಷಾಂಶ ರೇಖಾಂಶ ಎರಡೂ ಸೊನ್ನೆಯಾಗುವ ಆಫ್ರಿಕದ ಪಕ್ಕದ ಸಮುದ್ರಕ್ಕೆ ಎಸೆಯುತ್ತದೆ. ಮತ್ತೊಂದು ತಂದು ಯಾರದೋ ಬೀದಿಯ ಮೇಲೆ ರಾಶಿ ಹಾಕುತ್ತದೆ. ಹಾಗೆ ಹಾಕಿದಾಗ ನಾನು ಆ ಬೀದಿಯನ್ನು ಹತ್ತಿರಕ್ಕೆ ತಂದು, ಅಲ್ಲಿ ಮನೆಗಳಿವೆಯೇ ಎಂದು ನೋಡುತ್ತೇನೆ. ಚಿಕ್ಕವರಿಗೆ ಇದು ಯಾಕೆಂದು ತಿಳಿಯುವುದಿಲ್ಲ. ಪಕ್ಕದಲ್ಲಿ ನಿಂತು ಕಾಯುತ್ತಾರೆ. ಸಾಮಾನ್ಯವಾಗಿ ಮನೆಗಳಿರುತ್ತವೆ.